ತೆಗೆದರೂ ಹೋಗದ ಬ್ರೌಸರ್

ಕಂಪ್ಯೂಟರಿಗೆ ಹೊಸ ತಂತ್ರಾಂಶ ಹಾಕಿಕೊಡುವವರು ಬೀದಿಗೊಬ್ಬರು ಸಿಗುತ್ತಾರೆ. ಹಾಕಿದ್ದನ್ನು ಸರಿಯಾಗಿ ತೆಗೆಯುವುದು ಹೇಗೆಂದು ಹೇಳುವವರು ಕಡಿಮೆ. ಇವತ್ತಿನ ಮಾತು ಬ್ರೌಸರ್ ತೆಗೆಯುವುದರ ಬಗ್ಗೆ. ಬ್ರೌಸರ್ ಅಂದರೆ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮುಂತಾದವು. ಇಂಟರ್‌ನೆಟ್ ನೋಡಲು ನಾವು ದಿನವೂ ತೆರೆಯುವ ತಂತ್ರಾಂಶ.

ಡೆಸ್ಕ್‌ಟಾಪಿನ ಮೇಲಿರುವ ಐಕಾನನ್ನು ರಿಸೈಕಲ್ ಬಿನ್ನಿಗೆ ಹಾಕಿ, ಬ್ರೌಸರ್ ಹೋಯಿತು ಎಂದು ನಿಟ್ಟುಸಿರು ಬಿಡುವವರು ಬಹಳ ಮಂದಿ. ಬೋರ್ಡು ಇಳಿಸಿದ ಮಾತ್ರಕ್ಕೆ ಅಂಗಡಿ ಖಾಲಿಯಾಗುತ್ತದೆಯೇ? ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್ ತೆರೆದು ಆ್ಯಪ್ಸ್ ವಿಭಾಗಕ್ಕೆ ಹೋಗಬೇಕು. ಅಲ್ಲಿನ ಪಟ್ಟಿಯಲ್ಲಿ ಬೇಡವಾದ ಬ್ರೌಸರಿನ ಹೆಸರು ಹುಡುಕಿ ಅನ್‌ಇನ್‌ಸ್ಟಾಲ್ ಒತ್ತಬೇಕು. ಅದಕ್ಕೂ ಮೊದಲು ಇನ್ನೊಂದು ಬ್ರೌಸರ್ ಇದೆಯೇ ನೋಡಿಕೊಳ್ಳಿ. ಇದ್ದ ಒಂದನ್ನೂ ತೆಗೆದುಬಿಟ್ಟರೆ ಹೊಸದನ್ನು ತರಿಸಿಕೊಳ್ಳಲು ಪರದಾಡಬೇಕಾಗುತ್ತದೆ. ಉಳಿದಂತೆ ಇದು ಒಂದೆರಡು ನಿಮಿಷದ ಕೆಲಸ.

ಆದರೆ ಆ ಒಂದೆರಡು ನಿಮಿಷದಲ್ಲಿ ಹೋಗುವುದು ಬ್ರೌಸರ್ ಮಾತ್ರ. ನೀವು ಅದರೊಳಗೆ ಕೂಡಿಟ್ಟದ್ದು ಬೇರೆ ಕಡೆ ಇರುತ್ತದೆ. ಯಾವ ಯಾವ ಜಾಲತಾಣ ನೋಡಿದಿರಿ, ಯಾವುದನ್ನು ಬುಕ್‌ಮಾರ್ಕ್ ಮಾಡಿದಿರಿ, ಯಾವ ಪಾಸ್‌ವರ್ಡ್ ನೆನಪಿಟ್ಟುಕೋ ಎಂದಿರಿ, ಇವೆಲ್ಲ ಪ್ರೊಫೈಲ್ ಎಂಬ ಪ್ರತ್ಯೇಕ ಫೋಲ್ಡರಿನಲ್ಲಿ ಸೇರಿಕೊಂಡಿರುತ್ತವೆ. ವಿಂಡೋಸಿನಲ್ಲಿ ಅದು ಆ್ಯಪ್‌ಡೇಟಾ ಎಂಬ ಅಡಗಿಸಿಟ್ಟ ಫೋಲ್ಡರಿನೊಳಗೆ ಇರುವುದರಿಂದ ಸಾಮಾನ್ಯರ ಕಣ್ಣಿಗೆ ಬೀಳುವುದೇ ಇಲ್ಲ. ಕ್ರೋಮ್ ತೆಗೆಯುವಾಗ, ಬ್ರೌಸಿಂಗ್ ಮಾಹಿತಿಯನ್ನೂ ಅಳಿಸಬೇಕೇ ಎಂದು ಚಿಕ್ಕದೊಂದು ಚೌಕ ಕೇಳುತ್ತದೆ. ಅವಸರದಲ್ಲಿ ಯಾರೂ ಅದನ್ನು ಓದುವುದಿಲ್ಲ. ಗುರುತು ಹಾಕದಿದ್ದರೆ ಎಲ್ಲವೂ ಹಾಗೆಯೇ ಉಳಿಯುತ್ತದೆ. ಫೈರ್‌ಫಾಕ್ಸ್ ಕೂಡ ಸಾಮಾನ್ಯವಾಗಿ ಪ್ರೊಫೈಲನ್ನು ಬಿಟ್ಟೇ ಹೋಗುತ್ತದೆ. ನಾಳೆ ಮನಸ್ಸು ಬದಲಾಗಿ ಮತ್ತೆ ಹಾಕಿಕೊಂಡರೆ ಹಳೆಯ ಬುಕ್‌ಮಾರ್ಕುಗಳು ಸಿಗಲಿ ಎಂಬ ಸದುದ್ದೇಶ ಅದರ ಹಿಂದಿದೆ.

ಈ ಸದುದ್ದೇಶವೇ ಕೆಲವೊಮ್ಮೆ ತಲೆನೋವು. ಬ್ರೌಸರ್ ತೆರೆದೊಡನೆ ಯಾವುದೋ ಅಪರಿಚಿತ ಪುಟ ಬರುತ್ತದೆ, ಜಾಹೀರಾತುಗಳು ಮೇಲೆ ಬೀಳುತ್ತವೆ ಎಂದು ಬೇಸತ್ತು ಜನ ಅದನ್ನು ತೆಗೆದು ಮತ್ತೆ ಹಾಕುತ್ತಾರೆ. ರೋಗ ಹಾಗೆಯೇ ಇರುತ್ತದೆ. ರೋಗದ ಮೂಲ ಬಹುಮಟ್ಟಿಗೆ ಪ್ರೊಫೈಲಿನಲ್ಲಿ ಕುಳಿತ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಅಂಟಿಸಿಕೊಂಡ ಪುಟ್ಟ ತಂತ್ರಾಂಶ, ಆಗಿರುತ್ತದೆ. ಪ್ರೊಫೈಲನ್ನೇ ಅಳಿಸಿದರೂ, ಖಾತೆಗೆ ಲಾಗಿನ್ ಆಗಿ ಸಿಂಕ್ ಮಾಡಿದ ಕೂಡಲೇ ಅದು ಪುನಃ ಬಂದು ಕೂರಬಹುದು. ಇಂಥ ಸಂದರ್ಭದಲ್ಲಿ ಬ್ರೌಸರ್ ತೆಗೆಯುವ ಗೋಜಿಗೇ ಹೋಗಬೇಡಿ. ಗುರುತಿಲ್ಲದ ಎಕ್ಸ್‌ಟೆನ್ಶನ್ನುಗಳನ್ನು ಕಿತ್ತುಹಾಕಿ, ಸೆಟ್ಟಿಂಗ್ಸನ್ನು ರೀಸೆಟ್ ಮಾಡಿ.

ಇನ್ನು, ತೆಗೆಯಲು ಹೋದರೆ ಗುಂಡಿಯೇ ಒತ್ತಿಸಿಕೊಳ್ಳದ ಬ್ರೌಸರುಗಳ ಕಥೆ. ಇದಕ್ಕೆ ಕೋರ್ಟು ಕಚೇರಿಯ ಇತಿಹಾಸವೇ ಇದೆ. ಮೈಕ್ರೋಸಾಫ್ಟ್ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನು ವಿಂಡೋಸಿನ ಜೊತೆಗೇ ಕೊಡುತ್ತಿದ್ದ ಕಾಲ. ಪ್ರತಿಸ್ಪರ್ಧಿ ನೆಟ್‌ಸ್ಕೇಪ್. 1997ರಲ್ಲಿ ಅಮೆರಿಕದ ನ್ಯಾಯ ಇಲಾಖೆ, ಹೀಗೆ ಗಂಟುಹಾಕಿ ಕೊಡಬಾರದು ಎಂದು ನ್ಯಾಯಾಲಯಕ್ಕೆ ಹೋಯಿತು. ಎರಡನ್ನೂ ಬಿಡಿಸಿದರೆ ವಿಂಡೋಸ್ ಕೆಡುತ್ತದೆ ಎಂದು ಕಂಪನಿ ವಾದಿಸಿತು. ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಅದನ್ನು ತೆಗೆಸಿಯೇ ನೋಡಿದರು. 90 ಸೆಕೆಂಡಿನೊಳಗೆ ಕೆಲಸ ಮುಗಿಯಿತು, ವಿಂಡೋಸ್ ಚೆನ್ನಾಗಿಯೇ ಓಡಿತು.

1998ರ ಮೇ ತಿಂಗಳಲ್ಲಿ ದೊಡ್ಡ ಮೊಕದ್ದಮೆ ಹೂಡಲಾಯಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್, ವಿಂಡೋಸ್ 98ರಿಂದ ಎಕ್ಸ್‌ಪ್ಲೋರರ್ ಕಳಚುವ ಪುಟ್ಟ ಪ್ರೋಗ್ರಾಂ ಬರೆದು ಸರ್ಕಾರದ ಪರ ಸಾಕ್ಷಿ ನುಡಿದರು. ಆ ಪ್ರೋಗ್ರಾಂ ಓಡಿಸಿದರೆ ವಿಂಡೋಸ್ ನಿಧಾನವಾಗುತ್ತದೆ ಎಂದು ತೋರಿಸಲು ಮೈಕ್ರೋಸಾಫ್ಟ್ 1999ರಲ್ಲಿ ಒಂದು ವಿಡಿಯೊ ತಂದಿತು. ಸರ್ಕಾರದ ವಕೀಲ ಡೇವಿಡ್ ಬಾಯ್ಸ್ ಆ ವಿಡಿಯೊದಲ್ಲಿ ಕಿಟಕಿಯ ನೆತ್ತಿಯ ಮೇಲಿನ ಶೀರ್ಷಿಕೆ ಓದಿದರು. ಫೆಲ್ಟನ್ ಪ್ರೋಗ್ರಾಂ ಓಡಿದ ಯಂತ್ರದಲ್ಲಿ ಆ ಶೀರ್ಷಿಕೆ ಬೇರೆಯಾಗಿರಬೇಕಿತ್ತು. ಸಾಕ್ಷಿಕಟ್ಟೆಯಲ್ಲಿದ್ದ ಕಂಪನಿಯ ಹಿರಿಯ ಅಧಿಕಾರಿ ಉತ್ತರಕ್ಕೆ ತಡವರಿಸಬೇಕಾಯಿತು.

ನನ್ನ ಲೆಕ್ಕದಲ್ಲಿ ತಾಂತ್ರಿಕವಾಗಿ ಸರ್ಕಾರ, ಮೈಕ್ರೋಸಾಫ್ಟ್ ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿತ್ತು. ನಾವು ಬ್ರೌಸರ್ ಎನ್ನುವುದು ಮೇಲಿನ ತೆಳು ಹೊದಿಕೆ. ಪುಟವನ್ನು ಓದಿ ಪರದೆಯ ಮೇಲೆ ಬಿಡಿಸುವ ಭಾಗ ಒಳಗೆ ಬೇರೆ ಫೈಲುಗಳಲ್ಲಿದೆ. ವಿಂಡೋಸಿನ ಸಹಾಯ ಪುಟಗಳೂ ಇತರ ತಂತ್ರಾಂಶಗಳೂ ಅದನ್ನೇ ಬಳಸುತ್ತಿದ್ದವು. ಹೊದಿಕೆ ತೆಗೆಯಬಹುದು, ಒಳಗಿನದನ್ನು ಕಿತ್ತರೆ ಬೇರೆಯವು ಕುಂಟುತ್ತವೆ. ಫೆಲ್ಟನ್ ಕೂಡ ಆ ಒಳಭಾಗವನ್ನು ಪೂರ್ತಿ ಕೀಳಲಿಲ್ಲ. ಆದರೆ ಹಾಗೆ ಹೆಣೆದದ್ದು ತಾಂತ್ರಿಕ ಅನಿವಾರ್ಯತೆಯಿಂದಲ್ಲ, ವ್ಯಾಪಾರದ ಲೆಕ್ಕಾಚಾರದಿಂದ.

ನಮ್ಮಲ್ಲೂ ಎಕ್ಸ್‌ಪ್ಲೋರರ್ ಬಹುಕಾಲ ಬೇರೂರಿತ್ತು. ಯೂನಿಕೋಡ್ ಬಳಕೆ ವ್ಯಾಪಕವಾಗುವ ಮುನ್ನ ಹಲವು ಕನ್ನಡ ಜಾಲತಾಣಗಳು ಅದರಲ್ಲಿ ಮಾತ್ರ ಓದಲು ಬರುತ್ತಿದ್ದವು. ಬೇರೆ ಬ್ರೌಸರಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು. ಡಿಜಿಟಲ್ ಸಹಿ ಬೇಡುವ ಎಷ್ಟೋ ಸರ್ಕಾರಿ ತಾಣಗಳಿಗೂ ಅದೇ ಬೇಕಿತ್ತು. 2022ರ ಜೂನ್ 15ರಂದು ಎಕ್ಸ್‌ಪ್ಲೋರರಿಗೆ ಮೈಕ್ರೋಸಾಫ್ಟ್ ವಿದಾಯ ಹೇಳಿತು. ಆದರೂ ಹಳೆಯ ತಾಣಗಳಿಗಾಗಿ ತನ್ನ ಈಗಿನ ಬ್ರೌಸರ್ ಎಡ್ಜ್‌ನೊಳಗೆ ಐಇ ಮೋಡ್ ಎಂಬ ಹೆಸರಿನಲ್ಲಿ ಅದರ ಒಳಭಾಗವನ್ನು ಇಟ್ಟುಕೊಂಡಿದೆ.

ಈಗ ಎಡ್ಜ್‌ನ ಸರದಿ. ನಮ್ಮ ದೇಶದ ಕಂಪ್ಯೂಟರುಗಳಲ್ಲಿ ಅದರ ಅನ್‌ಇನ್‌ಸ್ಟಾಲ್ ಗುಂಡಿ ಸಾಮಾನ್ಯವಾಗಿ ಮಂಕಾಗಿರುತ್ತದೆ. ಯುರೋಪಿನಲ್ಲಿ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಎಂಬ ಕಾನೂನಿಗೆ ತಲೆಬಾಗಿ ಮೈಕ್ರೋಸಾಫ್ಟ್ 2024ರಿಂದ ಅದನ್ನು ತೆಗೆಯಲು ಅವಕಾಶ ಕೊಟ್ಟಿದೆ. ಅದೇ ವಿಂಡೋಸ್, ಅದೇ ಎಡ್ಜ್. ಅಲ್ಲಿ ತೆಗೆದರೆ ಕೆಡದ ಕಂಪ್ಯೂಟರ್ ಇಲ್ಲಿ ಕೆಡುತ್ತದೆಂದು ನಂಬಲು ಕಾರಣವಿಲ್ಲ. ಹಾಗೆಂದು ಅಲ್ಲಿ ಇಲ್ಲಿ ಸಿಕ್ಕ ಉಚಿತ ಪ್ರೋಗ್ರಾಂಗಳಿಂದ ಅದನ್ನು ಬಲವಂತವಾಗಿ ಕೀಳಲು ಹೋಗಬೇಡಿ. ನಿಮಗೆ ಬೇಕಾದ ಬ್ರೌಸರನ್ನು ಡಿಫಾಲ್ಟ್ ಮಾಡಿಕೊಂಡರೆ ಸದ್ಯಕ್ಕೆ ಸಾಕು.

ಕೊನೆಯದಾಗಿ ಒಂದು ಮನವಿ. ಹಳೆಯ ಕಂಪ್ಯೂಟರನ್ನು ಮಾರುವಾಗ ಅಥವಾ ಯಾರಿಗಾದರೂ ಕೊಡುವಾಗ, ಬ್ರೌಸರ್ ತೆಗೆದಿದ್ದೇವಲ್ಲ ಎಂದು ನೆಮ್ಮದಿಯಾಗಿರಬೇಡಿ. ನಿಮಗೆ ಬೇಕಾದ ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಂಡು, ವಿಂಡೋಸಿನ ರೀಸೆಟ್ ಸೌಲಭ್ಯದಲ್ಲಿ ಎಲ್ಲವನ್ನೂ ಅಳಿಸುವ ಆಯ್ಕೆಯನ್ನೇ ಆರಿಸಿ. ಡ್ರೈವ್ ಪೂರ್ತಿ ಸ್ವಚ್ಛಗೊಳಿಸಬೇಕೇ ಎಂದು ಕೇಳಿದರೆ ಹೌದು ಎನ್ನಿ. ಅದಕ್ಕೆ ಕೆಲವು ಗಂಟೆ ಹಿಡಿಯಬಹುದು, ಕಾಯಿರಿ.