ಕರಟದ ಅಚ್ಚು, ಕೆಮ್ಮಣ್ಣಿನ ಮಸಿ

(ಗುಡ್ಡಗಾಡಿನ ಹಳ್ಳಿಗಳ ಯುವಜನರಿಗಾಗಿ ನಡೆದ ಶಿಬಿರವೊಂದರಲ್ಲಿ, ತಿಪಟೂರು ಕಡೆಯಿಂದ ಬಂದಿದ್ದ ಕರಕುಶಲ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹ ರೂಪ.)



ಕಾಡು, ನದಿ, ಗಣಿಗಳ ಬಗ್ಗೆ ಗಂಭೀರವಾದ ಚರ್ಚೆಗಳು ನಡೆದಿರುವ ಈ ವೇದಿಕೆಯಲ್ಲಿ ಶುಭಾಶಯ ಪತ್ರ ಮಾಡುವುದನ್ನೂ ರಬ್ಬರ್ ಅಚ್ಚು ಒತ್ತುವುದನ್ನೂ ಕುರಿತು ಮಾತನಾಡಲು ನನ್ನನ್ನು ಕರೆದಿದ್ದೀರಿ. ಇದು ಮಕ್ಕಳಾಟವೆಂದು ಕೆಲವರಿಗೆ ಅನ್ನಿಸಿರಬಹುದು. ಮಕ್ಕಳಾಟವೇ ಹೌದು. ಆದರೆ ಯಾವ ವಸ್ತುವನ್ನು ಎಷ್ಟು ಬಳಸಬೇಕೆಂಬ ಅಳತೆಯನ್ನು ನಾವು ಕಲಿಯುವುದು ಮೊದಲು ಆಟದಲ್ಲಿಯೇ. ಆ ಅಳತೆಯ ವಿಷಯವನ್ನೇ ಇಂದು ಹೇಳಬೇಕೆಂದಿದ್ದೇನೆ.

ನಾನು ತೆಂಗಿನ ಸೀಮೆಯವನು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಮನೆಯ ಅಟ್ಟವೆಂದರೆ ಕಾಯಿಯ ಉಗ್ರಾಣ. ಕಾಯಿ ಅಲ್ಲಿ ವರ್ಷದ ಹತ್ತಿರ ಕುಳಿತು, ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಲೊಟಲೊಟ ಎನ್ನುವಾಗ ಉಂಡೆ ಕೊಬ್ಬರಿಯಾಗುತ್ತದೆ. ಕೊಬ್ಬರಿ ಮಾರುಕಟ್ಟೆಗೆ ಹೋದ ಮೇಲೆ ಅಂಗಳದಲ್ಲಿ ಉಳಿಯುವುದು ಮಟ್ಟೆ, ನಾರು, ಕರಟ. ಇವುಗಳ ನಡುವೆ ಬೆಳೆದ ನಮ್ಮ ಮಕ್ಕಳು ಹೊಸ ವರ್ಷ ಬಂತೆಂದರೆ ಪೇಟೆಯಿಂದ ಮಿನುಗುವ ಪ್ಲಾಸ್ಟಿಕ್ ಪುಡಿ, ಅಂಟುವ ಫೋಮ್ ಹೂವು, ಬಣ್ಣದ ತಗಡಿನಂಥ ಕಾಗದಗಳನ್ನು ಕೊಂಡು ತರುತ್ತಾರೆ. ಒಂದು ದಿನ ನೋಡಿ ಮೂಲೆಗಿಡುವ ಪತ್ರ ಅದು. ಅದರ ಮಿನುಗು ಮಾತ್ರ ತಿಪ್ಪೆಗುಂಡಿಯಲ್ಲಿ ಕರಗದೆ ಮುಂದಿನ ತಲೆಮಾರಿನವರೆಗೂ ಉಳಿಯುತ್ತದೆ.

ಅಚ್ಚು ಒತ್ತುವುದು ನಮಗೆ ಹೊಸತಲ್ಲ. ದೀಪಾವಳಿಯ ದಿನ ಮಲೆನಾಡಿನಲ್ಲಿ ಲೋಟದ ಬಾಯಿಯನ್ನು ಕೆಮ್ಮಣ್ಣಿನಲ್ಲಿಯೂ ಜೇಡಿಯಲ್ಲಿಯೂ ಅದ್ದಿ ಹಸುಗಳ ಮೈಮೇಲೆ ವೃತ್ತಗಳನ್ನು ಒತ್ತುತ್ತಾರೆ. ಮಡಿಕೆಯ ಪತ್ರವೂ ಹೊಸತಲ್ಲ. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಸವರಿ ಒಣಗಿಸಿ, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಡತಗಳು ನಮ್ಮ ನಾಡಿನವು. ಒರೆಸಿ ಮತ್ತೆ ಬರೆಯಬಹುದಾಗಿದ್ದ ಆ ಕಡತದ ಹೆಸರು ಇಂದು ಕಚೇರಿಯ ಫೈಲಿಗೆ ಅಂಟಿಕೊಂಡಿದೆ. ರಬ್ಬರ್ ಮುದ್ರೆಯೂ ಹಾಗೆಯೇ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ದಾರಿ ಕಂಡುಕೊಂಡ ನಂತರವೇ ಅಂಥ ಮುದ್ರೆಗಳು ಸಾಧ್ಯವಾದದ್ದು. ಹಳ್ಳಿಯವರಿಗೆ ಅದು ತಾಲ್ಲೂಕು ಕಚೇರಿಯ ಮೇಜಿನ ಮೇಲಿರುವ, ಯಾರದೋ ಕೈಯಲ್ಲಿರುವ ವಸ್ತು. ಅದನ್ನು ನಮ್ಮ ಮಗು ತಾನೇ ಕತ್ತರಿಸಿ ತನ್ನ ಹೆಸರನ್ನು ಒತ್ತಿಕೊಂಡಾಗ ಅದರ ಮುಖದಲ್ಲಿ ಕಾಣುವ ಬೆಳಕನ್ನು ನೀವು ನೋಡಬೇಕು.

ಮೊದಲು ಕಾಗದದ ವಿಷಯ. ಕಾಗದದ ಹಿಂದೆ ಕಾಡಿದೆ ಎಂಬುದನ್ನು ಗುಡ್ಡಗಾಡಿನವರಿಗೆ ನಾನು ಹೇಳಬೇಕಾಗಿಲ್ಲ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾರ್ಖಾನೆ, 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾರ್ಖಾನೆ, ಎರಡೂ ಘಟ್ಟದ ಬಿದಿರನ್ನು ನಂಬಿ ಬೆಳೆದವು. ಬಿದಿರು ತೆಳುವಾದಂತೆ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಬಂದವು. ಶಿವಮೊಗ್ಗದ ಕಡೆ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಕೂಗು ಎದ್ದದ್ದು ಇದೇ ಕಾರಣಕ್ಕೆ. ಹಾಗಿರುವಾಗ ಬರೆದು ಮುಗಿಸಿದ ನೋಟುಪುಸ್ತಕವನ್ನು ಒಲೆಗೆ ಹಾಕುವುದು ಮರವನ್ನು ಎರಡನೆಯ ಸಲ ಕಡಿದಂತೆ.

ವಿಧಾನ ಸರಳ. ಹಳೆಯ ನೋಟುಪುಸ್ತಕದ ಹಾಳೆಗಳನ್ನು ಅಂಚೆಚೀಟಿಯಷ್ಟು ಚೂರು ಮಾಡಿ ಒಂದು ರಾತ್ರಿ ನೆನೆಸಿಡಿ. ಒಂದು ಹಿಡಿ ನೆನೆದ ಕಾಗದಕ್ಕೆ ಮುಕ್ಕಾಲು ಜಾರು ನೀರು ಹಾಕಿ ರುಬ್ಬಿ, ಅಗಲವಾದ ಬೋಗುಣಿಯಲ್ಲಿ ತೆಳು ಗಂಜಿಯಂತೆ ಕಲಸಿ. ಒಂದೇ ಅಳತೆಯ ಎರಡು ಮರದ ಚೌಕಟ್ಟುಗಳು ಬೇಕು. ಒಂದಕ್ಕೆ ಸೊಳ್ಳೆ ಪರದೆಯ ಜಾಲರಿಯನ್ನು ಬಿಗಿದು, ಇನ್ನೊಂದನ್ನು ಬರಿದಾಗಿಯೇ ಅದರ ಮೇಲಿಡಿ. ಎರಡನ್ನೂ ಸೇರಿಸಿ ಹಿಡಿದು ನೆಟ್ಟಗೆ ನೀರಿಗಿಳಿಸಿ, ಒಳಗೆ ಮಟ್ಟ ಮಾಡಿ, ಮೇಲೆತ್ತುವಾಗ ಅತ್ತಿತ್ತ ಒಮ್ಮೆ ಅಲುಗಿಸಿ. ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವುದು ಆ ಅಲುಗಾಟದಲ್ಲಿಯೇ. ಆಮೇಲೆ ಬರಿಯ ಚೌಕಟ್ಟನ್ನು ತೆಗೆದು, ಜಾಲರಿಯನ್ನು ಒದ್ದೆ ಹತ್ತಿ ಬಟ್ಟೆಯ ಮೇಲೆ ಕವುಚಿ, ಹಲಗೆಯ ಮೇಲೆ ಕಲ್ಲು ಹೇರಿ, ನೆರಳಿನಲ್ಲಿ ಒಣಗಿಸಿ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ತೆಂಗಿನ ಸೀಮೆಯವನೆಂಬ ಅಭಿಮಾನದಿಂದ ಬರೀ ತೆಂಗಿನ ನಾರಿನಲ್ಲಿಯೇ ಕಾಗದ ಮಾಡಿಸುತ್ತೇನೆಂದು ಹೊರಟೆ. ಎರಡು ದಿನ ಕುದಿಸಿದರೂ ನಾರು ಬಗ್ಗಲಿಲ್ಲ. ಹಾಳೆ ಒಣಗಿದ ಮೇಲೆ ಹಪ್ಪಳದಂತೆ ಮುರಿಯಿತು. ನಾರನ್ನು ಬಿರುಸಾಗಿಸುವ ಲಿಗ್ನಿನ್ ಎಂಬ ಅಂಶ ತೆಂಗಿನ ನಾರಿನಲ್ಲಿ ಬಹಳ ಹೆಚ್ಚು. ಹಗ್ಗಕ್ಕೆ ಅದು ಗುಣ, ಕಾಗದಕ್ಕೆ ಅದೇ ದೋಷ. ಆದುದರಿಂದ ಸಣ್ಣಗೆ ಕತ್ತರಿಸಿದ ನಾರನ್ನು ಒಂದು ಚಿಟಿಕೆ ಮಾತ್ರ ಅಂದಕ್ಕಾಗಿ ಬೆರೆಸಿ. ಬಲ ಬೇಕಾದರೆ ದರ್ಜಿಯ ಅಂಗಡಿಯ ಹತ್ತಿ ಬಟ್ಟೆಯ ಚೂರುಗಳನ್ನು ಸೇರಿಸಿ. ನಮ್ಮ ತೋಟಗಳಲ್ಲಿ ತೆಂಗಿನ ನಡುವೆಯೇ ಬೆಳೆಯುವ ಬಾಳೆಯ ದಿಂಡಿನ ನಾರೂ ಕಾಗದಕ್ಕೆ ಒಗ್ಗುತ್ತದೆ. ಆನೆಗೊಂದಿಯ ಮಹಿಳೆಯರು ಬಾಳೆ ನಾರನ್ನು ಹೆಣೆದು ಚೀಲ, ಚಾಪೆಗಳನ್ನು ಮಾಡಿ ಬದುಕು ಕಟ್ಟಿಕೊಂಡಿರುವುದನ್ನು ನೆನೆಯಿರಿ.

ಇನ್ನೊಂದು ಪಾಠ ಕಲಿತದ್ದು ಅಕ್ಕನ ಮಗಳ ಮದುವೆಯಲ್ಲಿ. ನೂರು ಕರೆಯೋಲೆಗಳನ್ನು ಕೈಯಲ್ಲೇ ಮಾಡಿದೆವು. ಮುದ್ರೆ ಒತ್ತಿದೊಡನೆ ಮಸಿ ಹೀರಿ ಹರಡಿ, ವರನ ಹೆಸರೂ ವಧುವಿನ ಹೆಸರೂ ಒಂದಾಗಿಹೋದವು. ‘ಮದುವೆಗೆ ಮೊದಲೇ ಸೇರಿಸಿಬಿಟ್ಟೆಯಲ್ಲೋ’ ಎಂದು ಅಕ್ಕ ನಕ್ಕಳು. ಕಾಗದಕ್ಕೆ ಗಂಜಿ ಕೊಡುವುದನ್ನು ನಾನು ಮರೆತಿದ್ದೆ. ತೆಳುವಾದ ಅಕ್ಕಿ ಗಂಜಿಯನ್ನು ಒಣ ಹಾಳೆಗೆ ಒಂದು ಕೈ ಸವರಿ ಮತ್ತೆ ಒಣಗಿಸಿದರೆ ಮಸಿ ನಿಂತಲ್ಲಿ ನಿಲ್ಲುತ್ತದೆ. ಮಡಿಕೆಯ ಗೆರೆಯನ್ನು ಮಸಿ ಮುಗಿದ ಬಾಲ್‌ಪೆನ್ನಿನ ತುದಿಯಿಂದ ಮೊದಲು ಒತ್ತಿ ಗುರುತು ಮಾಡಿಕೊಂಡರೆ ಅಂಚು ಬಿರಿಯುವುದಿಲ್ಲ.

ಈಗ ಅಚ್ಚು. ಹಳೆಯ ಸೈಕಲ್ ಟ್ಯೂಬನ್ನು ತೊಳೆದು, ಬೇಕಾದ ಆಕಾರಕ್ಕೆ ಕತ್ತರಿಯಿಂದ ಕತ್ತರಿಸಿ, ಪಂಕ್ಚರ್ ಅಂಟಿನಿಂದ ಮರದ ತುಂಡಿಗೆ ಅಂಟಿಸಿ. ಅಕ್ಷರವಾದರೆ ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾಗಿ ಕತ್ತರಿಸಬೇಕು. ‘ಕ’ಕ್ಕಿಂತ ‘ಠ’ ಸುಲಭ, ಏಕೆಂದರೆ ಅದು ಹೇಗೆ ತಿರುಗಿದರೂ ಅಷ್ಟೇನೂ ಕೆಡುವುದಿಲ್ಲ! ಉಂಡೆ ಕೊಬ್ಬರಿಗಾಗಿ ಒಡೆದ ಕರಟ ಚೂರುಚೂರಾಗಿರುತ್ತದೆ. ಅಂಥ ಬಾಗಿದ ಚೂರಿನ ಹೊರಮೈಯನ್ನು ಉಜ್ಜಿ ನಯಮಾಡಿ, ಅದರ ಮೇಲೆ ರಬ್ಬರ್ ಅಂಟಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ಉರುಳಿಸಿದರೆ ಸೊಗಸಾದ ಅಂಚುಪಟ್ಟಿ ಮೂಡುತ್ತದೆ. ಅಡುಗೆಮನೆಯ ಹೋಳು ಕರಟದ ಬಾಯಿಯನ್ನು ಕಲ್ಲಿನ ಮೇಲೆ ತೇದು ಮಟ್ಟ ಮಾಡಿದರೆ ವೃತ್ತ ಸಿದ್ಧ. ಮರದಡಿ ಉದುರಿದ ಹರಳನ್ನು ಅಡ್ಡಲಾಗಿ ಕೊಯ್ದು ಒತ್ತಿ ನೋಡಿ. ತೆಂಗಿನ ಕಾಯಿಗೆ ಮೂರು ಕಣ್ಣೇಕೆ ಎಂಬ ಪ್ರಶ್ನೆಗೆ ಅದರ ಮೂರು ಪಾಲಿನ ಒಡಲೇ ಸುಳಿವು ಕೊಡುತ್ತದೆ. ಒತ್ತುವಾಗ ಕಾಗದದ ಕೆಳಗೆ ಮಡಚಿದ ಪತ್ರಿಕೆ ಇರಲಿ. ಕೈ ನೇರವಾಗಿ ಇಳಿದು ನೇರವಾಗಿ ಏಳಲಿ.

ಮಸಿಗೆ ಕೆಮ್ಮಣ್ಣು. ಅದನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಿ, ಮತ್ತೆ ತಂಗಲು ಬಿಡಿ. ತಳದಲ್ಲಿ ನಿಂತ ನುಣುಪಾದ ಕೆಸರಿಗೆ ಜಾಲಿಯ ಅಂಟನ್ನು ಕರಗಿಸಿ ಬೆರೆಸಿ. ಅಂಟು ಕಡಿಮೆಯಾದರೆ ಬಣ್ಣ ಬೆರಳಿಗೆ ಬರುತ್ತದೆ, ಹೆಚ್ಚಾದರೆ ಅಚ್ಚೇ ಕಾಗದವನ್ನು ಹಿಡಿದುಕೊಳ್ಳುತ್ತದೆ. ಕಪ್ಪು ಬೇಕಾದರೆ ದೀಪದ ಕಾಡಿಗೆಯಿದೆ. ಇಲ್ಲವೇ ಹಿಂದಿನವರಂತೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಬಹುದು. ಅರಿಶಿನ ಮಾತ್ರ ಬಿಸಿಲಿಗೆ ನಿಲ್ಲದು.

ಆ ಕೆಮ್ಮಣ್ಣಿನ ಬಗ್ಗೆ ಒಂದು ಮಾತು. ಚಿಕ್ಕನಾಯಕನಹಳ್ಳಿಯ ಗುಡ್ಡಗಳು ಕೆಂಪಾಗಿರುವುದು ಕಬ್ಬಿಣದಿಂದ. ಅದೇ ಕಬ್ಬಿಣಕ್ಕಾಗಿ ಗುಡ್ಡಗಳನ್ನು ಬಗೆದರು. ಅದಿರಿನ ಧೂಳು ದಾರಿಯ ಬದಿಯ ತೆಂಗಿನ ಗರಿಗಳ ಮೇಲೆ ಕುಳಿತಿತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿಯೂ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಷರತ್ತುಗಳೊಡನೆ ಮತ್ತೆ ಅನುಮತಿ ದೊರೆಯಿತು. ಕಬ್ಬಿಣ ನಮಗೆ ಬೇಡವೆಂದು ನಾನು ಹೇಳುವುದಿಲ್ಲ. ನನ್ನ ಕೈಯ ಕತ್ತರಿಯೂ ಕಬ್ಬಿಣದ್ದೇ. ಆದರೆ ಒಂದು ಊರಿನ ಮಕ್ಕಳೆಲ್ಲ ವರ್ಷವಿಡೀ ಅಚ್ಚೊತ್ತಲು ಒಂದು ಬೊಗಸೆ ಮಣ್ಣು ಸಾಕು. ಬೊಗಸೆಯಲ್ಲಿ ತೆಗೆದ ಮಣ್ಣಿಗೂ ಲಾರಿಯಲ್ಲಿ ಹೋದ ಮಣ್ಣಿಗೂ ಇರುವ ಅಂತರವನ್ನು ಪುಸ್ತಕದಿಂದ ತಿಳಿಯುವುದು ಒಂದು ಬಗೆ, ಕೈಯಿಂದ ತಿಳಿಯುವುದು ಇನ್ನೊಂದು ಬಗೆ.

ನೀರಿನ ಲೆಕ್ಕವನ್ನೂ ಮರೆಯಬಾರದು. ಹೇಮಾವತಿಯ ನಾಲೆ ಮುಟ್ಟದ ಕಡೆಗಳಲ್ಲಿ ಸಾವಿರ ಅಡಿ ಕೊರೆಸಿ ಬರಿಗೈಯಲ್ಲಿ ನಿಂತವರು ನಮ್ಮಲ್ಲಿದ್ದಾರೆ. ಅಂಥ ಊರಿನಲ್ಲಿ ನಾನು ಈ ಕೆಲಸ ಕಲಿಸುತ್ತಿದ್ದಾಗ ಅಜ್ಜಿಯೊಬ್ಬರು ಬಂದು, ‘ಮಗಾ, ಈ ನೀರನ್ನೇನು ಮಾಡ್ತೀಯ?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅಂದಿನವರೆಗೆ ಅದನ್ನು ಚರಂಡಿಗೆ ಚೆಲ್ಲುತ್ತಿದ್ದೆ. ಅಂದಿನಿಂದ ಬೋಗುಣಿಯ ನೀರನ್ನು ಸೋಸಿ ಮರುದಿನದ ಕಾಗದಕ್ಕೇ ಬಳಸುತ್ತೇವೆ. ಇದನ್ನು ನನಗೆ ಕಲಿಸಿದ ಗುರು ಆ ಅಜ್ಜಿ.

ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿದ್ದಾರೆ. ಸುಳ್ಳು ಭರವಸೆ ಕೊಡಲಾರೆ. ಹಬ್ಬಕ್ಕೆ, ಮದುವೆಗೆ ಒಂದಿಷ್ಟು ಪತ್ರಗಳು ಮಾರಾಟವಾಗಬಹುದು. ಅದು ಕೊಬ್ಬರಿಯ ಬೆಲೆ ಬಿದ್ದ ವರ್ಷದ ನಷ್ಟವನ್ನು ತುಂಬಿಕೊಡದು. ಇದು ಹವ್ಯಾಸ. ಆದರೆ ಬರೆದ ಹಾಳೆಯನ್ನು ಎಸೆಯುವ ಮುನ್ನ, ಗುಡ್ಡದ ಮಣ್ಣನ್ನು ಅಗೆಯುವ ಮುನ್ನ, ಬಿಂದಿಗೆಯ ನೀರನ್ನು ಚೆಲ್ಲುವ ಮುನ್ನ ಒಂದು ಗಳಿಗೆ ಕೈ ತಡೆಯುವಂತೆ ಮಾಡುವ ಹವ್ಯಾಸ.

ನಾಳೆ ಬೆಳಿಗ್ಗೆ ಬರುವವರು ತಮ್ಮ ಒಂದು ಹಳೆಯ ನೋಟುಪುಸ್ತಕವನ್ನೂ ನಿಮ್ಮೂರಿನ ಒಂದು ಹಿಡಿ ಮಣ್ಣನ್ನೂ ತನ್ನಿ. ಕರಟವನ್ನು ನಾನು ತಂದಿದ್ದೇನೆ.