ಕೆರಳುವ ಕರುಳು

ಊಟ ಮುಗಿಸಿ ಏಳುವಷ್ಟರಲ್ಲೇ ಹೊಟ್ಟೆ ನುಲಿಯುತ್ತದೆ. ಕೆಲವರಿಗೆ ಭೇದಿ, ಕೆಲವರಿಗೆ ಮಲಬದ್ಧತೆ. ಪರೀಕ್ಷಿಸಿದ ವೈದ್ಯರು ಹುಣ್ಣಿಲ್ಲ, ಗಂಟಿಲ್ಲ ಎನ್ನುತ್ತಾರೆ. ಸೊಸೆಯೋ ಶಾಲೆಯ ಹುಡುಗನೋ ಹೀಗೆ ನರಳಿದರೆ, ನೆವ ಹೂಡುತ್ತಾರೆಂದು ಮನೆಯವರು ಬಗೆಯುವುದುಂಟು. ಅದು ಸಲ್ಲದು.

1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು, ಸಣ್ಣ ಕರುಳಿನಿಂದ ಹೊರಟು ರಕ್ತದ ಮೂಲಕ ಮೇದೋಜ್ಜೀರಕ ಗ್ರಂಥಿಗೆ ಆಜ್ಞೆ ಒಯ್ಯುವ ದ್ರವ್ಯವೊಂದನ್ನು ಕಂಡುಹಿಡಿದರು. ಇಂಥವಕ್ಕೆ 1905ರಲ್ಲಿ ಸ್ಟಾರ್ಲಿಂಗ್ ಬಳಸಿದ ಹೆಸರು ಹಾರ್ಮೋನು. ಆ ಗ್ರೀಕ್ ಧಾತುವಿಗೆ ಪ್ರಚೋದಿಸು ಎಂದೇ ಅರ್ಥ. ನಮ್ಮ 'ಚೋದಕ' ಎಂಬ ಮಾತು ಎಷ್ಟು ಒಪ್ಪವಾಗಿ ಹೊಂದುತ್ತದೆ ನೋಡಿ!

ಒಬ್ಬಟ್ಟಿನ ಮೇಲಣ ತುಪ್ಪ ಸಣ್ಣ ಕರುಳಿಗಿಳಿದೊಡನೆ ಕೊಲೆಸಿಸ್ಟೊಕೈನಿನ್ ಎಂಬ ಚೋದಕ ಹೊರಡುತ್ತದೆ. ಊಟದ ತರುವಾಯ ದೊಡ್ಡ ಕರುಳಿನ ಚಲನೆಯೂ ಚುರುಕಾಗುತ್ತದೆ. ಸೆರೊಟೋನಿನ್ ಎಂಬುದು ಇನ್ನೊಂದು. ದೇಹದಲ್ಲಿರುವ ಅದರಲ್ಲಿ ನೂರಕ್ಕೆ ಸುಮಾರು 90 ಪಾಲು ಕರುಳಿನಲ್ಲೇ ಇದೆ. ಕರುಳನ್ನು ಅಲುಗಿಸುವುದೂ ಅಲ್ಲಿಯ ನರಗಳಿಗೆ ಸುದ್ದಿ ಮುಟ್ಟಿಸುವುದೂ ಅದರ ಕೆಲಸ. ಕೆರಳುವ ಕರುಳಿನ ಬೇನೆಯುಳ್ಳ ಅನೇಕರಲ್ಲಿ ಆ ನರಗಳು ಅತಿಸೂಕ್ಷ್ಮ. ನಮಗೆ ಗೊತ್ತೇ ಆಗದ ಅಲೆ, ತುಸು ವಾಯು, ಅವರಿಗೆ ನಿಜವಾದ ನೋವು.

ಅಂಥವರು ಹೊಟ್ಟೆಬಿರಿಯ ಉಣ್ಣದೆ, ಜಿಡ್ಡನ್ನು ತಗ್ಗಿಸಿ, ಹೊತ್ತಿಗೆ ಸರಿಯಾಗಿ ಮಿತವಾಗಿ ಉಂಡು ನೋಡಲಿ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ಮೈ ಇಳಿದರೆ, ಅದು ಬೇರೆಯ ಮಾತು. ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.