ಜೀವಕ್ಕೆ ಆದಿ ಉಂಟೇ?



ಮಳೆಗಾಲದ ಆರಂಭದಲ್ಲಿ ಗುಡುಗು ಮೊಳಗಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಗುಡ್ಡಗಳಲ್ಲಿ ಗೋಲಿಯಂತೆ ದುಂಡಗಿನ ಕಲ್ಲಣಬೆಯನ್ನು ಹುಡುಕುವವರ ಓಡಾಟ ಶುರುವಾಗುತ್ತದೆ. ಗುಡುಗಿಗೇ ಅಣಬೆ ಹುಟ್ಟುತ್ತದೆಂಬುದು ಜನರ ನಂಬಿಕೆ. ನಿನ್ನೆ ಬರಿದಾಗಿದ್ದ ನೆಲದಲ್ಲಿ ಇಂದು ಅಣಬೆ ಕಂಡರೆ ಹಾಗನ್ನಿಸುವುದು ಸಹಜವೇ. ಆದರೆ ಮರದ ಬೇರುಗಳಿಗೆ ಹೆಣೆದುಕೊಂಡ ಶಿಲೀಂಧ್ರದ ಎಳೆಗಳು ಮಣ್ಣಿನೊಳಗೆ ಮೊದಲೇ ಇರುತ್ತವೆ. ಬಿತ್ತಿದವರು ಕಾಣದಿದ್ದರೂ ಬೀಜ ಅಲ್ಲೇ ಉಂಟು.

ನಿರ್ಜೀವ ವಸ್ತುವಿನಿಂದ ಜೀವ ತಾನಾಗಿ ಹುಟ್ಟುತ್ತದೆಂದು ಗ್ರೀಸಿನ ಅರಿಸ್ಟಾಟಲನೂ ನಂಬಿದ್ದ. ತಂದೆತಾಯಿಗಳಿಲ್ಲದ ಹುಟ್ಟಿಗೆ ಜೈನಶಾಸ್ತ್ರದಲ್ಲಿ ‘ಸಮ್ಮೂರ್ಛನ’ ಎಂಬ ಹೆಸರಿದೆ. ಆದರೆ ಅಲ್ಲಿ ಹೊಸತಾಗಿ ಉಂಟಾಗುವುದು ದೇಹ ಮಾತ್ರ, ಜೀವ ಅನಾದಿ. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಜೋಪಾನವಾಗಿ ಉಳಿದುಬಂದ ಧವಲ ಗ್ರಂಥದ ತಾಳೆಯೋಲೆಗಳಲ್ಲಿ ಒಂದಿಂದ್ರಿಯದ ಜೀವಿಗಳಿಂದ ಐದಿಂದ್ರಿಯದ ಮನುಷ್ಯನವರೆಗೆ ಸೂಕ್ಷ್ಮವಾದ ವಿಂಗಡಣೆಯುಂಟು. ಮೊದಲ ಜೀವ ಯಾವುದೆಂಬ ಪ್ರಶ್ನೆ ಮಾತ್ರ ಅಲ್ಲಿ ಏಳುವುದೇ ಇಲ್ಲ.

ವಿಜ್ಞಾನಕ್ಕೆ ಆ ಪ್ರಶ್ನೆಯಿಂದ ಬಿಡುಗಡೆಯಿಲ್ಲ. 1860ರ ಸುಮಾರಿಗೆ ಲೂಯಿ ಪಾಶ್ಚರ್ ಮಾಂಸದ ಸಾರಿನಂಥ ದ್ರವವನ್ನು ಕುದಿಸಿ, ಬಾಗಿದ ಕೊರಳಿನ ಗಾಜಿನ ಬುರುಡೆಯಲ್ಲಿಟ್ಟ. ಅದು ಕೆಡಲಿಲ್ಲ. ಕೊರಳು ಮುರಿದು ಧೂಳು ಒಳಹೊಕ್ಕಾಗ ಸೂಕ್ಷ್ಮಜೀವಿಗಳು ಬೆಳೆದವು. ಜೀವದಿಂದಲೇ ಜೀವವೆಂದು ಸಿದ್ಧವಾಯಿತು. ಆದರೆ ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಮೊದಮೊದಲು ಅದು ಯಾವ ಜೀವಿಯೂ ಬಾಳಲಾಗದ ಬೆಂಕಿಯುಂಡೆ. ಹಾಗಾದರೆ ಮೊದಲ ಜೀವಕ್ಕೆ ಹೆತ್ತವರಾರು?

ರಷ್ಯದ ಒಪಾರಿನ್ 1924ರಲ್ಲಿ, ಮುಂದೆ ಭಾರತಕ್ಕೇ ಬಂದು ನೆಲೆಸಿದ ಹಾಲ್ಡೇನ್ 1929ರಲ್ಲಿ, ಬೇರೆಬೇರೆಯಾಗಿ ಒಂದೇ ಬಗೆಯ ಉತ್ತರ ಕೊಟ್ಟರು: ಆಮ್ಲಜನಕವಿಲ್ಲದ ಆದಿಕಾಲದ ಗಾಳಿಯಲ್ಲಿ, ನೀರಿನಲ್ಲಿ ರಾಸಾಯನಿಕಗಳು ಕೂಡಿ ಕ್ರಮೇಣ ಜೀವವಾದವು. 1953ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಮಿಲ್ಲರ್ ಮೀಥೇನ್, ಅಮೋನಿಯಾ, ಜಲಜನಕ ಮತ್ತು ನೀರಾವಿಯ ನಡುವೆ ವಿದ್ಯುತ್ ಕಿಡಿ ಹಾಯಿಸಿದ. ಮಿಂಚಿನ ಬದಲಿಗೆ ಆ ಕಿಡಿ. ಕೆಲವೇ ದಿನಗಳಲ್ಲಿ ಪ್ರೋಟೀನುಗಳ ಮೂಲವಾದ ಅಮೈನೋ ಆಮ್ಲಗಳು ದೊರೆತವು.

ಆದರೆ ಕೆಂಪುಕಲ್ಲು ರಾಶಿ ಹಾಕಿದ ಮಾತ್ರಕ್ಕೆ ಮನೆಯಾಗದು. ತನ್ನನ್ನೇ ನಕಲು ಮಾಡಿಕೊಳ್ಳುವ ಗುಣ ಬಂದದ್ದೆಂತು? ಆರ್‌ಎನ್‌ಎ ಎಂಬ ಅಣು ಮಾಹಿತಿಯನ್ನೂ ಹೊರಬಲ್ಲದು, ರಾಸಾಯನಿಕ ಕ್ರಿಯೆಯನ್ನೂ ನಡೆಸಬಲ್ಲದು. ಅದೇ ಮೊದಲು ಬಂತೆಂಬುದು ಒಂದು ವಾದ. 1977ರಲ್ಲಿ ಸಾಗರತಳದಲ್ಲಿ ಕಂಡ ಬಿಸಿನೀರಿನ ಬುಗ್ಗೆಗಳಂಥಲ್ಲಿ ಜೀವ ಮೊಳೆಯಿತೆಂಬುದು ಇನ್ನೊಂದು. ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರಲ್ಲಿ ತಂದ ಮಣ್ಣಿನಲ್ಲಿ ಪ್ರೋಟೀನುಗಳಲ್ಲಿ ಬಳಕೆಯಾಗುವ 14 ಬಗೆಯ ಅಮೈನೋ ಆಮ್ಲಗಳಿದ್ದುದನ್ನು 2025ರಲ್ಲಿ ಪ್ರಕಟಿಸಲಾಯಿತು. ಸಾಮಗ್ರಿ ಆಕಾಶದಿಂದಲೂ ಬಂದಿರಬಹುದು. ಜೀವವೇ ಅಲ್ಲಿಂದ ಬಂತೆಂದರೆ ಮಾತ್ರ ಪ್ರಶ್ನೆ ಇನ್ನೊಂದು ಊರಿಗೆ ವರ್ಗವಾಗುತ್ತದೆ, ಅಷ್ಟೆ.

ಅಂದು ಆದದ್ದು ಇಂದೇಕೆ ಆಗುವುದಿಲ್ಲ? 1871ರ ಒಂದು ಪತ್ರದಲ್ಲಿ ಡಾರ್ವಿನ್ ಇದಕ್ಕೆ ಉತ್ತರಿಸಿದ್ದಾನೆ: ಅಂಥ ವಸ್ತು ಇಂದು ಉಂಟಾದರೆ ಇರುವ ಜೀವಿಗಳು ಅದನ್ನು ಆಗಲೇ ತಿಂದು ಮುಗಿಸುತ್ತವೆ. ಹೀಗಾಗಿ ಪಾಶ್ಚರನ ಮಾತೂ ಒಪಾರಿನನ ಮಾತೂ ಒಟ್ಟಿಗೇ ನಿಲ್ಲಬಲ್ಲವು.

ನಿರ್ಜೀವ ವಸ್ತುವಿನಿಂದ ಜೀವಕೋಶವನ್ನು ಯಾವ ಪ್ರಯೋಗಶಾಲೆಯೂ ಇದುವರೆಗೆ ಮಾಡಿಲ್ಲ. ಆದರೆ ಅಣಬೆಯಲ್ಲೂ ಅದನ್ನು ಕೀಳುವ ಕೈಯಲ್ಲೂ ಇರುವುದು ಒಂದೇ ಆನುವಂಶಿಕ ಲಿಪಿ. ಎರಡಕ್ಕೂ ಮೂಲಪುರುಷ ಒಬ್ಬನೇ ಎಂಬಷ್ಟನ್ನು ವಿಜ್ಞಾನ ಧೈರ್ಯದಿಂದ ಹೇಳುತ್ತದೆ.